ನೀರಿನ ರುಚಿ ನೋಡಿ ನಳಿಗೆ ತೊಳೆಯುವ ಮುರಾರಿ

ಕಲ್ಕತ್ತದ ಸಿಯಾಲ್ದಾ ನಿಲ್ದಾಣದಿಂದ ಹೊರಡುವ ಮೊದಲ ಲೋಕಲ್ ಗಾಡಿಯಲ್ಲಿ ಬಂದಿಳಿದು, ಡಿಸೆಂಬರಿನ ಮಂಜಿನಲ್ಲಿ ಅರ್ಧ ತಾಸು ನಡೆದು, ಮುರಾರಿ ಉಪಾಧ್ಯರು ನವಾರುಣ ರೈಫಲ್ ಕ್ಲಬ್ಬಿನ ತಗಡಿನ ಮಾಡಿನ ಕೆಳಗೆ ಪಂಪ್ ಸ್ಟೌ ಹಚ್ಚುತ್ತಾರೆ. ಸ್ಟೌ ಮೇಲೆ ಅಲ್ಯೂಮಿನಿಯಂ ಕೆಟಲ್. ನೀರು ಮರಳಿದ ಮೇಲೆ ಒಂದು ಚಮಚ ತೆಗೆದು, ಊದಿ ಆರಿಸಿ, ಬಲ ಅಂಗೈಗೆ ಬಗ್ಗಿಸಿಕೊಂಡು, ತೀರ್ಥ ತೆಗೆದುಕೊಂಡ ಹಾಗೆ ಸುರ್ರೆಂದು ಹೀರುತ್ತಾರೆ. ಬಾಯಿ ಚಪ್ಪರಿಸುತ್ತಾರೆ. ಆಮೇಲೆ, 'ಅಡ್ಡಿಲ್ಲ' ಅನ್ನುತ್ತಾರೆ. ಈ ನೀರು ಚಹಾಕ್ಕಲ್ಲ. ಗುಂಡು ಹಾರಿಸಿ ಬಿಸಿಯಾದ ರೈಫಲ್ಲಿನ ನಳಿಗೆ ತೊಳೆಯುವುದಕ್ಕೆ.

ನಳಿಗೆಗೆ ಹೊಯ್ಯುವ ನೀರಿನ ರುಚಿಯನ್ನು ಯಾರಾದರೂ ನೋಡುತ್ತಾರೆಯೇ? ಕ್ಲಬ್ಬಿಗೆ ಹೊಸದಾಗಿ ಬಂದವರೆಲ್ಲ ಈ ಪ್ರಶ್ನೆ ಕೇಳಿ ನಕ್ಕವರೇ. ಮುರಾರಿಯವರೂ ಅವರ ಜೊತೆ ನಗುತ್ತಾರೆ. 'ಅಭ್ಯಾಸ ಮಾರಾಯ್ರೇ, ಅಡುಗೆಯವನ ಅಭ್ಯಾಸ' ಎಂದು ಹಾರಿಕೆಯ ಮಾತಾಡಿ ಬೇರೆ ಕೆಲಸಕ್ಕೆ ಕೈಹಾಕುತ್ತಾರೆ. ಹಳಬರು ಮಾತ್ರ ನಗುವುದಿಲ್ಲ. ಅವರಿಗೆ ಕಾರಣ ಗೊತ್ತು.

ಇವತ್ತು ಬೆಳಗ್ಗೆ ಅವರ ಕೈ ಎಂದಿಗಿಂತ ನಿಧಾನ. ಎಂಟು ವರ್ಷದಿಂದ ಮಗುವಿನಂತೆ ಸಾಕಿದ ಒಂದು ನಳಿಗೆಗೆ ಇಂದು ಪರೀಕ್ಷೆ. ಶೋಭನಾ ಲಾಹಿರಿಯವರು ಮುನ್ನೂರು ಗಜದಿಂದ ಹತ್ತು ಗುಂಡು ಹಾರಿಸುತ್ತಾರೆ. ಹತ್ತೂ ತೂತು ಕ್ಯಾಂಟೀನಿನ ಒಂದು ಚಹಾ ಬಸಿಯ ಅಡಿಯಲ್ಲಿ ಮುಚ್ಚಿಹೋದರೆ ಆ ರೈಫಲ್ಲು ಬರುವ ತಿಂಗಳು ಅವರೊಂದಿಗೆ ರಾಷ್ಟ್ರೀಯ ಸ್ಪರ್ಧೆಗೆ ಹೋಗುತ್ತದೆ. ಒಂದು ತೂತು ಹೊರಗೆ ಇಣುಕಿದರೂ ನಳಿಗೆಗೆ ನಿವೃತ್ತಿ. ಬೇರೆ ನಳಿಗೆ ಇಲ್ಲ. ಹೊರದೇಶದಿಂದ ತರಿಸುವ ಪರವಾನಗಿಯ ಅರ್ಜಿ ದೆಹಲಿಯಲ್ಲಿ ಯಾವ ಮೇಜಿನ ಮೇಲೆ ಮಲಗಿದೆಯೋ ದೇವರೇ ಬಲ್ಲ. ಶೋಭನಾ ಅವರಿಗೂ ಮೂವತ್ತೈದಾಯಿತು. ಇದೇ ತಮ್ಮ ಕೊನೆಯ ಸ್ಪರ್ಧೆ ಎಂದು ಆಗಲೇ ಹೇಳಿಬಿಟ್ಟಿದ್ದಾರೆ.

'ನಿದ್ದೆ ಬರ್ಲಿಲ್ಲ ನಂಗೆ' ಎನ್ನುತ್ತಾರೆ ಮುರಾರಿ. 'ಹೆಂಡ್ತಿ ಬೈದಳು. ಹೆರಿಗೆಗೆ ಹೋದಾಗ್ಲೂ ನನ್ನ ಬಗ್ಗೆ ಇಷ್ಟು ಯೋಚ್ನೆ ಮಾಡ್ಲಿಲ್ಲ ನೀವು, ಆ ಕಬ್ಬಿಣದ ಕೊಳವೆಗೆ ಮಾಡ್ತೀರಿ ಅಂತ. ಅವಳು ಹೇಳುದು ಸುಳ್ಳಲ್ಲ.'

ಉಡುಪಿಯ ಹತ್ತಿರದ ಪುರೋಹಿತರ ಮನೆಯ ಹುಡುಗ ಇವರು. ಮಂತ್ರ ಬಾಯಿಗೆ ಹತ್ತಲಿಲ್ಲ, ಸೌಟು ಕೈಗೆ ಹತ್ತಿತು. ಇಪ್ಪತ್ತನೆಯ ವಯಸ್ಸಿನಲ್ಲಿ, ಸಾವಿರದ ಒಂಬೈನೂರ ಐವತ್ತಾರರಲ್ಲಿ, ಸೋದರಮಾವನ ಹಿಂದೆ ಕಲ್ಕತ್ತಕ್ಕೆ ಬಂದರು. ಲೇಕ್ ಮಾರ್ಕೆಟ್ಟಿನ ಬಳಿ ಮಾವನ ಸಣ್ಣ ಹೋಟೆಲು. ಹತ್ತು ವರ್ಷ ಅಲ್ಲಿ ದೋಸೆಯ ಕಾವಲಿಯ ಮುಂದೆ ನಿಂತರು. ಅರವತ್ತಾರರಲ್ಲಿ ನವಾರುಣ ಕ್ಲಬ್ಬಿನವರು ಭಾನುವಾರದ ತಿಂಡಿಗೆ ಜನ ಬೇಕೆಂದಾಗ ಮಾವ ಇವರನ್ನು ಕಳಿಸಿದರು. ಎಂತಹ ಕಾಲ ಅದು! ಬೆಳಗಿನ ಟ್ರಾಮಿನ ಗಂಟೆ, ಬೀದಿ ಬೀದಿಯಲ್ಲಿ ಕಲ್ಲಿದ್ದಲ ಒಲೆಯ ಹೊಗೆ, ಮಣ್ಣಿನ ಲೋಟದ ಚಹಾ, ಮೈದಾನದ ತುದಿಯಲ್ಲಿ ಬಿಳಿ ಪಂಚೆಯುಟ್ಟು ಛತ್ರಿ ಹಿಡಿದು ನಿಲ್ಲುತ್ತಿದ್ದ ಕ್ಲಬ್ಬಿನ ಕಾರ್ಯದರ್ಶಿ ಬಿಶ್ವೇಶ್ವರ ಬಾಬು. ಇಡ್ಲಿಯನ್ನು ರಸಗುಲ್ಲದ ಅಣ್ಣ ಎಂದು ಕರೆದು ಎಂಟೆಂಟು ತಿನ್ನುತ್ತಿದ್ದ ಸದಸ್ಯರು. ಹೇಳುವಾಗ ಮುರಾರಿಯವರ ಮುಖ ಅರಳುತ್ತದೆ. 'ಆಗ ಕೆಲ್ಸ ಕಮ್ಮಿ ಇತ್ತು ಅಂತಲ್ಲ. ಮನಸ್ಸು ಹಗುರ ಇತ್ತು' ಅನ್ನುತ್ತಾರೆ.

ಅರವತ್ತೆಂಟರಲ್ಲಿ ಕ್ಲಬ್ಬಿನ ಹಳೆಯ ರೈಫಲ್ ಮಿಸ್ತ್ರಿ ಕಣ್ಣು ಕಾಣದೆ ಕೆಲಸ ಬಿಟ್ಟ. ಅವನ ಕೆಲಸದ ಅರ್ಧ ಭಾಗ ಬಿಸಿನೀರಿನದು. ತೋಟಾದ ಹಿಂಬದಿಯಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಟೊಪ್ಪಿ ಸಿಡಿದಾಗ ನಳಿಗೆಯೊಳಗೆ ಒಂದು ಬಗೆಯ ಉಪ್ಪು ಅಂಟುತ್ತದೆ. ಅದು ಗಾಳಿಯ ತೇವ ಹೀರಿ ಉಕ್ಕಿಗೆ ತುಕ್ಕು ತರಿಸುತ್ತದೆ. ಮರಳುವ ನೀರನ್ನು ಆಲಿಕೆಯಿಟ್ಟು ಹೊಯ್ದರೆ ಉಪ್ಪು ಕರಗಿ ಹೋಗುತ್ತದೆ. ಆ ಬಿಸಿಗೇ ನಳಿಗೆ ಒಣಗುತ್ತದೆ. ಬಳಿಕ ಎಣ್ಣೆ. ಬಿಸಿನೀರು ಇದ್ದದ್ದು ಕ್ಯಾಂಟೀನಿನಲ್ಲಿ. ಹಾಗಾಗಿ ಯಾರೂ ಕೊಡದೆ, ಯಾರೂ ಕೇಳದೆ, ಆ ಕೆಲಸ ಮುರಾರಿಯವರ ಕೊರಳಿಗೆ ಬಿತ್ತು.

ಅದೇ ದಿನಗಳಲ್ಲಿ ಇಪ್ಪತ್ತೈದರ ಶೋಭನಾ ಕ್ಲಬ್ಬಿಗೆ ಸೇರಿದ್ದರು. ಶ್ಯಾಮ್‌ಬಜಾರಿನ ಶಾಲೆಯೊಂದರಲ್ಲಿ ಭೂಗೋಳದ ಟೀಚರು. ನೆಲದ ಮೇಲೆ ಮಲಗಿ ರೈಫಲ್ಲು ಭುಜಕ್ಕೊತ್ತಿಕೊಂಡರೆ ಮೈಮೇಲೆ ಇರುವೆ ಹರಿದರೂ ಅಲುಗುತ್ತಿರಲಿಲ್ಲವಂತೆ. ಅರವತ್ತೊಂಬತ್ತರ ಮಳೆಗಾಲದ ಹೊತ್ತಿಗೆ ರಾಜ್ಯದ ತಂಡಕ್ಕೆ ಅವರ ಹೆಸರು ಗಟ್ಟಿಯಾಗಿತ್ತು. ಕ್ಲಬ್ಬಿನಲ್ಲಿ ಇದ್ದ ಒಳ್ಳೆಯ ಥ್ರೀ ನಾಟ್ ಥ್ರೀ ರೈಫಲ್ಲು ಒಂದೇ ಒಂದು. ಅದನ್ನು ಅವರಿಗೇ ಮೀಸಲಿಟ್ಟಿದ್ದರು.

ಆ ಆಗಸ್ಟಿನ ಒಂದು ಭಾನುವಾರ ಕೆಟಲ್ಲಿನ ಮೂತಿಯ ಬೆಸುಗೆ ಬಿಟ್ಟಿತು. ಒಲೆಯ ಮೇಲೆ ಉಪ್ಪಿಟ್ಟಿಗೆ ಇಟ್ಟ ನೀರು ತಕತಕ ಕುದಿಯುತ್ತಿತ್ತು. ಇನ್ನೂ ರವೆ ಬಿದ್ದಿರಲಿಲ್ಲ, ಒಗ್ಗರಣೆಯೂ ಬೇರೆ ಬಾಣಲೆಯಲ್ಲಿತ್ತು. ಮೇಲ್ನೋಟಕ್ಕೆ ಬರೀ ನೀರೇ. ಮುರಾರಿ ಆ ಪಾತ್ರೆಯಿಂದಲೇ ಎರಡು ತಂಬಿಗೆ ಮೊಗೆದು ಶೋಭನಾ ಅವರ ನಳಿಗೆಗೆ ಹೊಯ್ದರು. ಎಣ್ಣೆ ಹಚ್ಚಿ, ಪೆಟ್ಟಿಗೆಯಲ್ಲಿಟ್ಟರು. ಮರುದಿನದಿಂದ ಮಳೆ ಹಿಡಿಯಿತು. ಎರಡು ವಾರ ಮೈದಾನದಲ್ಲಿ ಮೊಣಕಾಲುದ್ದ ನೀರು, ಕ್ಲಬ್ಬಿಗೆ ಬೀಗ.

ಬೀಗ ತೆಗೆದ ದಿನ ನಳಿಗೆಗೆ ಕಣ್ಣಿಟ್ಟು ನೋಡಿದ ಬಿಶ್ವೇಶ್ವರ ಬಾಬು ಅದನ್ನು ಬೆಳಕಿಗೆ ತಿರುಗಿಸಿ ಮತ್ತೊಮ್ಮೆ ನೋಡಿದರು. ಈ ತುದಿಯಿಂದ ಆ ತುದಿಯವರೆಗೆ ಕೆಂಪು ತುಕ್ಕು. ಉಜ್ಜಿ ತೆಗೆದರೂ ಒಳಗೆಲ್ಲ ಸಿಡುಬಿನ ಕಲೆ. ಶೋಭನಾ ಆ ವರ್ಷ ಸ್ಪರ್ಧೆಗೆ ಹೋಗಲಿಲ್ಲ.

'ನೋಡಿದ ಕೂಡ್ಲೇ ನಂಗೆ ಗೊತ್ತಾಯ್ತು' ಎನ್ನುತ್ತಾರೆ ಮುರಾರಿ, ಕೆಟಲ್ಲಿನ ಕಡೆ ನೋಡುತ್ತ. 'ಉಪ್ಪಿಟ್ಟಿನ ನೀರಿಗೆ ನಾನು ಮೊದ್ಲೇ ಉಪ್ಪು ಹಾಕಿ ಆಗಿತ್ತು. ಅವಸರದಲ್ಲಿ ಅದು ಮರ್ತೇ ಹೋಗಿತ್ತು. ಹೇಳುವ ಅಂತ ಬಾಯಿ ತೆಗ್ದೆ. ಅಷ್ಟ್ರಲ್ಲಿ ಬಾಬು ಹೇಳಿದ್ರು, ಇದು ಆ ದರಿದ್ರ ಮದ್ದಿನ ಕೆಲ್ಸ ಅಂತ. ನಾನು ಬಾಯಿ ಮುಚ್ಚಿದೆ. ಹೆದ್ರಿದೆ, ಮತ್ತೆಂತ?'

ಆ ದರಿದ್ರ ಮದ್ದು ಯಾವುದೆಂದು ಇಲ್ಲಿ ಹೇಳಬೇಕು. ಕ್ಲಬ್ಬಿಗೆ ಎರಡು ಬಗೆಯ ತೋಟಾ ಬರುತ್ತಿದ್ದವು. ಒಂದರೊಳಗಿನ ಮದ್ದು ಕಂದು ಬಣ್ಣದ ಎಳೆ ಎಳೆ, ಒಣಶಾವಿಗೆಯನ್ನು ಕಟ್ಟು ಕಟ್ಟಿಟ್ಟಂತೆ. ಯುದ್ಧಕಾಲದ ಹಳೆಯ ಸರಕು, ಬೇಕಾದಷ್ಟು ಸಿಗುತ್ತಿತ್ತು. ಇನ್ನೊಂದರೊಳಗೆ ಬೂದುಬಣ್ಣದ ಸಣ್ಣ ಕಾಳು. ಅದು ಸಿಗುತ್ತಿದ್ದುದು ಅಪರೂಪ. ಮುರಾರಿ ಇವಕ್ಕೆ ಶಾವಿಗೆ ಮದ್ದು, ಕಾಳು ಮದ್ದು ಎಂದು ಹೆಸರಿಟ್ಟರು. ಇವತ್ತಿಗೂ ಕ್ಲಬ್ಬಿನ ಬಂಗಾಳಿ ಬಾಬುಗಳೆಲ್ಲ 'ಶಾವಿಗೆ' ಎಂದೇ ಕರೆಯುತ್ತಾರೆ. ತುಕ್ಕಿನ ಪ್ರಕರಣದ ಬಳಿಕ ಬಿಶ್ವೇಶ್ವರ ಬಾಬು ಶಾವಿಗೆಯನ್ನು ಮೈದಾನದಿಂದಲೇ ಬಹಿಷ್ಕರಿಸಿದರು. ಎಪ್ಪತ್ತರಲ್ಲಿ ಹೇಗೋ ಏನೋ ಒಂದು ಹೊಸ ನಳಿಗೆ ಸಿಕ್ಕಿತು. ಆದರೆ ಕಾಳು ಮದ್ದಿನ ತೋಟಾ ವಾರಕ್ಕೆ ಹದಿನೈದು ಸಿಕ್ಕರೆ ಹೆಚ್ಚು. ನೂರು ಗುಂಡು ಹಾರಿಸುತ್ತಿದ್ದ ಶೋಭನಾ ಹದಿನೈದು ಹಾರಿಸಿ, ಉಳಿದ ಹೊತ್ತು ಸುಮ್ಮನೆ ಕೂತು ಮಂಡಕ್ಕಿ ತಿನ್ನುತ್ತಿದ್ದರು. ಅಭ್ಯಾಸ ತಪ್ಪಿತು, ಕೈ ತಪ್ಪಿತು. ಮದ್ದಿನ ಮೇಲೆ ಬಿದ್ದ ಸುಳ್ಳು ಅಪವಾದದ ಫಲ ಅವರ ತಲೆಗೆ ಬಂತು.

ಇದನ್ನು ಕಣ್ಣಾರೆ ನೋಡುತ್ತ ಇಡ್ಲಿ ಬಡಿಸುವುದಿದೆಯಲ್ಲ, ಆ ಸಂಕಟ ಮುರಾರಿಯವರಿಗೇ ಗೊತ್ತು. ಮದ್ದು ನಿಜವಾಗಿ ನಳಿಗೆಯನ್ನು ತಿನ್ನುತ್ತದೆಯೇ, ತಿಂದರೆ ಎಲ್ಲಿ, ಎಷ್ಟು ತಿನ್ನುತ್ತದೆ? ತಿಳಿಯಲೇಬೇಕೆಂದು ಹಟ ಹುಟ್ಟಿತು. ಕೇಳಲು ಒಬ್ಬರು ಸಿಕ್ಕರು. ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಕಲಿಸುವ ಮೈಸೂರಿನ ಪುರುಷೋತ್ತಮ, ಕ್ಲಬ್ಬಿನ ಸದಸ್ಯರು. ಗುಂಡಿಗಿಂತ ಸಾಂಬಾರಿಗಾಗಿಯೇ ಸದಸ್ಯರಾದವರು ಎಂದು ಎಲ್ಲರೂ ಅವರನ್ನು ಛೇಡಿಸುತ್ತಾರೆ. ಅವರೂ ಅಲ್ಲಗಳೆಯುವುದಿಲ್ಲ.

'ನನ್ನ ಹತ್ರ ಬಂದು, ಸ್ವಾಮಿ, ಈ ಶಾವಿಗೆ ಯಾಕೆ ಅಷ್ಟು ಕೆಟ್ಟದ್ದು ಅಂದ್ರು' ಎಂದು ಪುರುಷೋತ್ತಮ ನೆನೆಯುತ್ತಾರೆ. 'ಅದ್ರಲ್ಲಿ ನೈಟ್ರೋಗ್ಲಿಸರಿನ್ ಇರತ್ತೆ ಕಣ್ರೀ, ಉರಿ ತುಂಬಾ ಬಿಸಿ, ನಳಿಗೆ ಶುರುವಾಗೋ ಜಾಗದಲ್ಲಿ ಉಕ್ಕಿನ ಮೈಯನ್ನೇ ಸುಟ್ಟು ಸವೆಸತ್ತೆ ಅಂದೆ. ಕಾಳಿನಲ್ಲಿ ಅದಿಲ್ಲ, ಉರಿ ಸ್ವಲ್ಪ ತಣ್ಣಗೆ. ಹಾಗಂದಿದ್ದೇ ತಡ, ಓಹೋ, ತೆಂಗಿನ ಗರಿಯ ಬೆಂಕಿಗೂ ಇದ್ದಿಲ ಕೆಂಡಕ್ಕೂ ಇರೋ ವ್ಯತ್ಯಾಸ ಅಂದ್ರು. ನನ್ನ ಎಂಎಸ್ಸಿ ಹುಡುಗ್ರಿಗೆ ಒಂದು ಗಂಟೆ ಹಿಡಿಯತ್ತೆ ಅದು!'

ಅಷ್ಟಕ್ಕೇ ಬಿಡಲಿಲ್ಲ ಮುರಾರಿ. ಬಡಗಿಯಿಂದ ಒಂದು ಉದ್ದನೆಯ ಬೀಟೆಯ ಕೋಲು ಮಾಡಿಸಿದರು. ಮದ್ದಿಲ್ಲದ ಒಂದು ಗುಂಡನ್ನು ನಳಿಗೆಯ ಹಿಂಬದಿಯಿಂದ ತಳ್ಳಿ, ಅದು ಒಳಗಿನ ತಿರುವುಗೆರೆಗಳಿಗೆ ತಾಗಿ ನಿಂತಲ್ಲಿ ನಿಲ್ಲಿಸಿ, ಮುಂಬದಿಯಿಂದ ಕೋಲು ತೂರಿಸಿ, ಬಾಯಿಯ ಮಟ್ಟಕ್ಕೆ ಉಗುರಿನಲ್ಲಿ ಗುರುತು ಮಾಡಿ ಚಾಕುವಿನಿಂದ ಗೆರೆ ಕೊರೆದರು. ನಳಿಗೆಯ ಗಂಟಲು ಸವೆದಂತೆ ಗುಂಡು ಇನ್ನಷ್ಟು ಮುಂದೆ ಬಂದು ನಿಲ್ಲುತ್ತದೆ, ಕೋಲು ಅಷ್ಟು ಕಡಿಮೆ ಒಳಹೋಗುತ್ತದೆ, ಹೊಸ ಗೆರೆ ಹಳೆಯದರಿಂದ ಸರಿಯುತ್ತದೆ. ಮೂಲೆಗೆ ಬಿದ್ದಿದ್ದ ಒಂದು ಮುದಿ ರೈಫಲ್ಲಿಗೆ ಶಾವಿಗೆ, ಹೊಸದಕ್ಕೆ ಕಾಳು. ಬಾಬು ಊರಿಗೆ ಹೋದಾಗಲೆಲ್ಲ ಪುರುಷೋತ್ತಮರೇ ಮುದಿಯನಿಂದ ಗುಂಡು ಹಾರಿಸಿ ಕೊಟ್ಟರು. ಎಪ್ಪತ್ತೊಂದರ ನಕ್ಸಲ್ ಗಲಾಟೆಯಲ್ಲಿ ರೈಫಲ್ಲುಗಳೆಲ್ಲ ಪೊಲೀಸ್ ಠಾಣೆಯ ತೇವದ ಕೋಣೆ ಸೇರಿದವು. ಮುರಾರಿ ವಾರಕ್ಕೆರಡು ಬಾರಿ ಎಣ್ಣೆಬಟ್ಟೆ ಹಿಡಿದು ಅಲ್ಲಿಗೂ ಹೋದರು. ದರೋಗಾ ಸಾಹೇಬರಿಗೆ ಒಂದು ಪೊಟ್ಟಣ ಕೋಡುಬಳೆ ತಪ್ಪುತ್ತಿರಲಿಲ್ಲ.

ಎಪ್ಪತ್ತೆರಡರ ಹೊತ್ತಿಗೆ ಕೋಲು ಉತ್ತರ ಹೇಳಿತು. ಶಾವಿಗೆಯ ಗೆರೆಗಳು ಅಕ್ಕಿಕಾಳಿನಷ್ಟು ಅಂತರದಲ್ಲಿ ಸರಿದಿದ್ದವು, ಕಾಳಿನವು ರಾಗಿಕಾಳಿನಷ್ಟು. ಬೇಗ ಬೇಗ ಹಾರಿಸಿ ನಳಿಗೆ ಕಾದರೆ ಎರಡೂ ಬೇಗ ಸವೆಯುತ್ತಿದ್ದವು. ಹತ್ತು ಗುಂಡಿಗೊಮ್ಮೆ ಆರಲು ಬಿಟ್ಟರೆ ನಿಧಾನ. ಇನ್ನೊಂದು ಮಾತು ಎಲ್ಲಕ್ಕಿಂತ ದೊಡ್ಡದು. ಮದ್ದು ಸುಟ್ಟದ್ದು ಗಂಟಲನ್ನು ಮಾತ್ರ. ಅಲ್ಲಿಂದಾಚೆ, ಶಾವಿಗೆ ತಿಂದ ಆ ಮುದಿಯನ ಹೊಟ್ಟೆ ಕನ್ನಡಿಯಂತೆ ಹೊಳೆಯುತ್ತಿತ್ತು.

ಅಂದರೆ ದಾರಿ ಸಿಕ್ಕಿತು. ಶೋಭನಾ ದಿನನಿತ್ಯದ ಅಭ್ಯಾಸವನ್ನು ಮುದಿ ರೈಫಲ್ಲಿನಲ್ಲಿ ಶಾವಿಗೆಯಿಂದ ಮಾಡಲಿ, ಗುರಿಯ ಕೊನೆಯ ಹದ ಮಾತ್ರ ಹೊಸ ನಳಿಗೆಯಲ್ಲಿ, ಕಾಳಿನಿಂದ, ನಿಧಾನವಾಗಿ. ಆದರೆ ಇದನ್ನು ಸಭೆಯ ಮುಂದೆ ಹೇಳಿದರೆ ಬಾಬು ಕೇಳುವ ಮೊದಲ ಪ್ರಶ್ನೆಯೇ, ಹಾಗಾದರೆ ಅರವತ್ತೊಂಬತ್ತರಲ್ಲಿ ತುದಿಯಿಂದ ತುದಿಗೆ ತಿಂದದ್ದು ಯಾರು? ಮುರಾರಿ ಮೂರು ಭಾನುವಾರ ಕೋಲನ್ನು ಪಂಚೆಯಲ್ಲಿ ಸುತ್ತಿ ತಂದು, ಹಾಗೇ ವಾಪಸು ಒಯ್ದರು. ನಾಲ್ಕನೆಯ ಭಾನುವಾರ ಹೆಂಡತಿ ಅಂಬುಜಾ ಬಾಗಿಲಲ್ಲೇ ತಡೆದರು.

'ನಂಗೆ ಇವತ್ತಿಗೂ ನೆನಪುಂಟು' ಎನ್ನುತ್ತಾರೆ ಅಂಬುಜಾ. 'ಇವರು ಅನ್ನ ಸರಿ ಉಣ್ಣದೆ ಮೂರು ವರ್ಷ ಆಗಿತ್ತು. ನಾನು ಹೇಳಿದೆ, ಕೆಲ್ಸ ಹೋದ್ರೆ ಹೋಗ್ಲಿ, ಬೀದಿ ಬದಿಯಲ್ಲಿ ನೀರುದೋಸೆ ಹೊಯ್ದು ಬದುಕುವ. ಆ ಹೆಣ್ಣಿನ ಮುಖ ನೋಡ್ಲಿಕ್ಕೆ ಆಗುವ ಹಾಗೆ ಮಾಡಿ ಬನ್ನಿ ಅಂತ.'

ಅಂದು ಮುರಾರಿ ತಮ್ಮ ಮುರುಕು ಬಂಗಾಳಿಯಲ್ಲಿ ಎಲ್ಲವನ್ನೂ ಹೇಳಿದರು. ಉಪ್ಪಿಟ್ಟು, ಕೆಟಲ್ಲು, ಬಾಯಿ ಮುಚ್ಚಿಕೊಂಡದ್ದು, ಒಂದನ್ನೂ ಬಿಡಲಿಲ್ಲ. ಬಿಶ್ವೇಶ್ವರ ಬಾಬು ಛತ್ರಿ ನೆಲಕ್ಕೆ ಕುಟ್ಟಿ ಕೂಗಾಡಿದರು. ಕೆಲವರು ಇವರನ್ನು ಇಂದೇ ಕಳಿಸಿ ಎಂದರು. ಪುರುಷೋತ್ತಮ, 'ಇವರನ್ನು ಕಳಿಸಿದರೆ ಈ ಕೋಲು ಓದುವವರು ಯಾರು?' ಎಂದು ಕೇಳಿದ ಮೇಲೆ ಸದ್ದಡಗಿತು. ಶೋಭನಾ ಮಾತ್ರ ಎದ್ದು ಹೋದರು.

ಕ್ಲಬ್ಬು ಮುರಾರಿಯವರ ವಿಧಾನವನ್ನು ಒಪ್ಪಿತು, ಅವರನ್ನೂ ಉಳಿಸಿಕೊಂಡಿತು. ಶೋಭನಾ ಮುದಿ ರೈಫಲ್ಲಿನಲ್ಲಿ ಅಭ್ಯಾಸ ಶುರುಮಾಡಿದರು. ಆದರೆ ಐದು ವಾರ ಕ್ಯಾಂಟೀನಿನ ಕಡೆ ತಲೆಹಾಕಲಿಲ್ಲ, ರೈಫಲ್ಲನ್ನು ಬೆಂಚಿನ ಮೇಲಿಟ್ಟು ತಿರುಗಿ ನೋಡದೆ ಹೋಗುತ್ತಿದ್ದರು. ಆರನೆಯ ವಾರ ಮುರಾರಿ ಕೆಟಲ್ಲಿನಿಂದ ಒಂದು ಚಮಚ ನೀರು ತೆಗೆದು ಅಂಗೈಗೆ ಬಗ್ಗಿಸಿಕೊಳ್ಳುತ್ತಿದ್ದಾಗ ಹಿಂದೆ ನೆರಳು ಬಿತ್ತು.

'ಬಂದು ನಿಂತ್ರು. ನನ್ನ ಕಡೆ ನೋಡ್ಲಿಲ್ಲ. ಕೈ ಚಾಚಿದ್ರು' ಎನ್ನುತ್ತ ಮುರಾರಿ ತಾವೂ ಅಂಗೈ ಚಾಚಿ ತೋರಿಸುತ್ತಾರೆ. 'ನಾನು ಅವರ ಅಂಗೈಗೆ ಒಂದು ಚಮಚ ಹೊಯ್ದೆ. ಕುಡಿದ್ರು. ಠಿಕ್ ಆಛೆ ಮುರಾರಿದಾ, ಸರಿ ಉಂಟು ಮುರಾರಿಯಣ್ಣ ಅಂದ್ರು. ಮತ್ತೆ ಆಲಿಕೆ ಅವರೇ ಹಿಡ್ಕೊಂಡ್ರು, ನಾನು ನೀರು ಹೊಯ್ದೆ. ಆ ದಿನ ಮನೆಗೆ ಹೋಗಿ ನಾನು ಹೊಟ್ಟೆ ತುಂಬಾ ಉಂಡೆ.'

ಎಪ್ಪತ್ತನಾಲ್ಕರಲ್ಲಿ ಶೋಭನಾ ರಾಷ್ಟ್ರೀಯ ಸ್ಪರ್ಧೆಯಲ್ಲಿ ನಾಲ್ಕನೆಯವರಾದರು, ಎಪ್ಪತ್ತಾರರಲ್ಲಿ ಮೂರನೆಯವರು. ಪತ್ರಿಕೆಯಲ್ಲಿ ಬಂದ ಚಿತ್ರದಲ್ಲಿ ಅವರಿದ್ದಾರೆ, ರೈಫಲ್ಲಿದೆ, ಬಿಶ್ವೇಶ್ವರ ಬಾಬುಗಳ ಛತ್ರಿಯೂ ಇದೆ. ಮುರಾರಿ ಇಲ್ಲ. ಆಗ ಅವರು ಒಳಗೆ ನೀರು ಕಾಯಿಸುತ್ತಿದ್ದರು. ಈಗಲೂ ಒಂದು ಭಾನುವಾರಕ್ಕೆ ಏಳು ರೈಫಲ್ಲು, ಹದಿನಾಲ್ಕು ಕೆಟಲ್ ನೀರು, ಹಳೆಯ ಪಂಚೆ ಹರಿದು ಮಾಡಿದ ಎಪ್ಪತ್ತು ತುಂಡು ಬಟ್ಟೆ, ಜೊತೆಗೆ ಇನ್ನೂರು ಇಡ್ಲಿ. ಈ ಎಪ್ಪತ್ತೆಂಟರ ಸೆಪ್ಟೆಂಬರಿನ ನೆರೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಿಂತು ಏಳನ್ನೂ ಮಾಡಿನ ತೊಲೆಗೆ ಕಟ್ಟಿದವರು ಇವರೇ. ಇಷ್ಟು ವರ್ಷದಲ್ಲಿ ಒಂದೇ ಒಂದು ಗುಂಡನ್ನೂ ಹಾರಿಸಿದವರಲ್ಲ. ಯಾಕೆ ಎಂದರೆ ತಟ್ಟನೆ ಉತ್ತರ ಬರುತ್ತದೆ: 'ಒಂದು ಗುಂಡು ಹೋದ್ರೆ ನಳಿಗೆಯ ಆಯುಷ್ಯದಲ್ಲಿ ಒಂದು ಗುಂಡು ಕಮ್ಮಿ. ಅದು ಅವರದ್ದು. ನಾನು ಮೊದ್ಲೇ ಒಂದು ನಳಿಗೆ ತಿಂದವ, ಇನ್ನು ಎಂತ ಮುಖ ಇಟ್ಕೊಂಡು ಹೊಡೆಯುದು?'

ಮಂಜು ಹರಿದಿದೆ. ಶೋಭನಾ ಬರುತ್ತಾರೆ, ಕಿವಿಯ ಹಿಂದೆ ನರೆಗೂದಲು, ಹೆಗಲಿಗೆ ಶಾಲೆಯ ಚೀಲ. ಮುರಾರಿ ಕೋಲನ್ನು ನಳಿಗೆಗೆ ತೂರಿಸಿ ನೋಡುತ್ತಾರೆ. ಹೊಸ ಗೆರೆ ಮೊದಲ ಗೆರೆಯಿಂದ ಬೆರಳಿನ ಅಗಲದಷ್ಟು ಸರಿದಿದೆ. ಗಂಟಲು ಸುಟ್ಟ ಕಾವಲಿಯಂತೆ ಬಿರುಕು ಬಿಟ್ಟಿದೆ ಎಂದು ಅವರಿಗೆ ಗೊತ್ತು. ಟೀಚರಮ್ಮನನ್ನು ಬಂಗಾಳಿಯಲ್ಲಿ ಕರೆಯುವಂತೆ ಕರೆದು, ಬಾಯಿಬಿಟ್ಟು ಹೇಳುತ್ತಾರೆ ಕೂಡ. 'ನಿಧಾನ ದಿದಿಮಣಿ, ಅವಸರ ಬೇಡ. ಇದಕ್ಕೂ ವಯಸ್ಸಾಯ್ತು.'

ಶೋಭನಾ ಮಲಗುತ್ತಾರೆ. ಒಂದೊಂದು ಗುಂಡಿನ ನಡುವೆ ಮುರಾರಿ ಕೈಯ ಹಿಂಬದಿಯನ್ನು ನಳಿಗೆಯ ಮೇಲೆ ಇಟ್ಟು ಬಿಸಿ ನೋಡುತ್ತಾರೆ. ಆರಿದೆ ಎಂದು ತಲೆಯಾಡಿಸಿದ ಮೇಲೆ ಮುಂದಿನದು. ಹತ್ತು ಗುಂಡಿಗೆ ಮುಕ್ಕಾಲು ಗಂಟೆ. ಆಮೇಲೆ ಗುರಿಹಲಗೆಯ ಕಾಗದ ಬರುತ್ತದೆ. ಬಿಶ್ವೇಶ್ವರ ಬಾಬು ಕನ್ನಡಕ ಏರಿಸುತ್ತಾರೆ, ಪುರುಷೋತ್ತಮ ಬಾಯಿಯಲ್ಲಿದ್ದ ಇಡ್ಲಿ ನುಂಗುವುದನ್ನು ಮರೆಯುತ್ತಾರೆ. ಮುರಾರಿ ಬಸಿಯನ್ನು ಕಾಗದದ ಮೇಲೆ ಕವುಚುತ್ತಾರೆ, ಒಂದಿಷ್ಟು ಎಡಕ್ಕೆ ಸರಿಸುತ್ತಾರೆ. ಹತ್ತನೆಯ ತೂತು ಅಂಚಿಗೆ ತಾಗಿದೆ, ಆದರೆ ಒಳಗಿದೆ. ಒಳಗೇ ಇದೆ! ಬಾಬು ಛತ್ರಿಯನ್ನು ಮೇಲಕ್ಕೆಸೆದು ಹಿಡಿಯಲಾಗದೆ ಕೆಳಗೆ ಬೀಳಿಸುತ್ತಾರೆ. ಮುರಾರಿ ಹೆಗಲ ಮೇಲಿನ ಬೈರಾಸಿನಿಂದ ಮುಖ ಮುಚ್ಚಿಕೊಂಡು ಅಳುತ್ತಾರೆ.

ಶೋಭನಾ ಒಂದು ತೋಟಾ ತೆಗೆದು ಅವರ ಕಿಸೆಗೆ ಹಾಕುತ್ತಾರೆ. ಸ್ಪರ್ಧೆ ಮುಗಿಸಿ ಬಂದ ದಿನ ಈ ನಳಿಗೆಯ ಕೊನೆಯ ಗುಂಡು ಮುರಾರಿದಾ ಅವರದು, ಇದು ತಮ್ಮ ಆಜ್ಞೆ ಎನ್ನುತ್ತಾರೆ, ಶಾಲೆಯ ಟೀಚರಿನ ದನಿಯಲ್ಲಿ. ಮುರಾರಿ ತೋಟಾವನ್ನು ಬೆಳಕಿಗೆ ಹಿಡಿದು ಅದರ ಹಿಂಬದಿಯ ಗುರುತು ಓದುತ್ತಾರೆ. ಕಾಳು ಮದ್ದಿನದೇ. ಸಮಾಧಾನವಾದಂತೆ ಅದನ್ನು ಪುನಃ ಕಿಸೆಗಿಳಿಸಿ ಗುಂಡಿ ಹಾಕುತ್ತಾರೆ.

'ಆಗ್ಲಿ, ಹೊಡಿತೇನೆ' ಅನ್ನುತ್ತಾರೆ. 'ಹೊಡೆದು ಆದ ಮೇಲೆ ತೊಳೆಯುದೂ ನಾನೇ. ಆದ್ರೆ ಆ ದಿನ ನೀರಿನ ರುಚಿ ನೀವು ನೋಡ್ಬೇಕು, ದಿದಿಮಣಿ.'